ಬಾಣದ ಮೊನೆ

ಮಗಳ ಮನೆಗೆಂದು ಅಮೆರಿಕದ ಮಿಷಿಗನ್‌ಗೆ ಹೋಗಿದ್ದೆ. ಸೆಪ್ಟೆಂಬರ್ ಕೊನೆಯ ವಾರ. ಅಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಯಾಡುವ ಕಾಲ ಅಕ್ಟೋಬರ್ 1ಕ್ಕೆ ಆರಂಭ. ಪಕ್ಕದ ಮನೆಯ ಹಿರಿಯರು ಬಾಣಕ್ಕೆ ಮೊನೆ ಆರಿಸುತ್ತ ಕುಳಿತಿದ್ದರು. ಜಿಂಕೆ ಬೇಟೆ ಅಪರಾಧವಾಗಿರುವ ನಾಡಿನಿಂದ ಹೋದ ನನಗೆ ಮುಜುಗರ. ಆದರೂ ವಿಜ್ಞಾನದ ಮೇಷ್ಟರ ಕುತೂಹಲ ಬಿಡಬೇಕಲ್ಲ!

ಮೊನೆಯಲ್ಲಿ ಎರಡು ಬಗೆ. ಒಂದರ ಅಲಗುಗಳು ಸ್ಥಿರ. ಇನ್ನೊಂದರವು ಮಡಚಿಕೊಂಡಿದ್ದು, ಮೈಗೆ ತಾಗಿದೊಡನೆ ಬಿಚ್ಚಿಕೊಂಡು ಅಗಲವಾಗಿ ಕೊಯ್ಯುತ್ತವೆ. ಆದರೆ ಬಿಚ್ಚಿಕೊಳ್ಳುವುದಕ್ಕೆ ಬಾಣದ ಶಕ್ತಿಯಲ್ಲೇ ಒಂದು ಪಾಲು ಖರ್ಚು. ಭುಜದ ನೋವಿನಿಂದ ಹಗುರ ಬಿಲ್ಲಿಗೆ ಇಳಿದಿದ್ದ ಅವರು ಸ್ಥಿರ ಅಲಗನ್ನೇ ಆರಿಸಿದರು. ತೂಕ 100 ಗ್ರೇನ್, ಅಂದರೆ ಸುಮಾರು ಆರೂವರೆ ಗ್ರಾಂ. ಅಗಲ 7/8 ಅಂಗುಲಕ್ಕಿಂತ ಕಡಿಮೆಯಿರಬಾರದೆಂಬುದು ಆ ರಾಜ್ಯದ ನಿಯಮ.

ಬಾಣ ಕೊಲ್ಲುವುದು ಪೆಟ್ಟಿನಿಂದಲ್ಲ, ಕೊಯ್ತದಿಂದ. ಅಲಗು ಮೊಂಡಾದರೆ ಪ್ರಾಣಿ ಗಾಯ ಹೊತ್ತು ಓಡಿ ಎಲ್ಲೋ ನರಳುತ್ತದೆ. ಎಳೆದು ಹಿಡಿದ ರಬ್ಬರ್ ಬ್ಯಾಂಡಿನ ಮೇಲೆ ಅವರು ಒಂದೊಂದೇ ಅಲಗನ್ನು ಮೆಲ್ಲಗೆ ಸವರಿದರು. ಬ್ಯಾಂಡು ತುಂಡಾಗದಿದ್ದರೆ ಆ ಮೊನೆ ಪಕ್ಕಕ್ಕೆ.

“ಒಂದು ವರ್ಷ ಹೀಗೆ ನೋಡದೆ ಹೋದೆ. ಎರಡು ದಿನ ಹುಡುಕಿದರೂ ಜಿಂಕೆ ಸಿಗಲಿಲ್ಲ” ಎಂದರು.

ಬೇಟೆ ನನಗೆ ಇಂದಿಗೂ ಒಗ್ಗದು. ಆದರೂ ಅಕ್ಟೋಬರ್ ಬಂತೆಂದರೆ, ಅವರ ಅಲಗು ಚೂಪಾಗಿರಲಪ್ಪ ಎಂದುಕೊಳ್ಳುತ್ತೇನೆ.