ಕೇಳದೆ ಬಂದ ಬಟ್ಟಲು

ಹಗಲು ಕುಡಿಯುವವನಿಗೆ ನಮ್ಮ ಕುಂದಾಪುರದ ಕಡೆ ಮರ್ಯಾದೆ ಇಲ್ಲ. ರಾತ್ರಿ ಕುಡಿದವನು ‘ಸ್ವಲ್ಪ ತಗೊಳ್ತಾನೆ’ ಅನ್ನಿಸಿಕೊಳ್ಳುತ್ತಾನೆ. ಅದೇ ಮನುಷ್ಯ ಮಟಮಟ ಮಧ್ಯಾಹ್ನ ಗಡಂಗಿನಿಂದ ಹೊರಬಿದ್ದರೆ, ಆ ಸುದ್ದಿ ಅವನ ಮಗಳ ಮದುವೆ ಮಾತುಕತೆಯವರೆಗೂ ಹೋಗಿ ಕೂರುತ್ತದೆ. ಹಾಗಾಗಿ ನಾನು ಕುಡಿಯಲು ಕಲಿತದ್ದೇ ಅವಸರದಲ್ಲಿ. ಕಾಲೇಜಿನ ದಿನಗಳಲ್ಲಿ ಎಂಆರ್‌ಪಿ ಅಂಗಡಿಯ ಪಕ್ಕದ ಸಂದಿಯಲ್ಲಿ ನಿಂತು, ಪ್ಲಾಸ್ಟಿಕ್ ಲೋಟಕ್ಕೆ ನೈಂಟಿ ಸುರಿದು, ನೀರಿನ ಪ್ಯಾಕೆಟ್ಟನ್ನು ಹಲ್ಲಲ್ಲಿ ಹರಿದು ಹಿಂಡಿ, ಪರಿಚಯದವರ ಸ್ಕೂಟರ್ ಆ ದಾರಿಯಲ್ಲಿ ಬರುವುದರೊಳಗೆ ಗಂಟಲಿಗಿಳಿಸಿಬಿಡುವುದು. ಕೆಲಸ ಸಿಕ್ಕಿದ ಮೇಲೆ ಬೆಂಗಳೂರಿನ ಬಾರ್ ಅಂಡ್ ರೆಸ್ಟೋರೆಂಟುಗಳು ಬಂದವು. ಅಲ್ಲೂ ಕಿಟಕಿಗೆ ಕಪ್ಪು ಗಾಜು, ಹಗಲಿಗೂ ಟ್ಯೂಬ್‌ಲೈಟು. ಹೊರಗೆ ಬಿಸಿಲಿದೆಯೋ ಮಳೆಯಿದೆಯೋ ಒಳಗಿದ್ದವನಿಗೆ ತಿಳಿಯಬಾರದು, ಒಳಗೆ ಯಾರಿದ್ದಾರೆಂದು ಹೊರಗಿನವರಿಗಂತೂ ತಿಳಿಯಲೇಬಾರದು.

ಇಂಥವನು ಕೆಲಸದ ಮೇಲೆ ಟೋಕಿಯೋಗೆ ಬಂದು, ನಮ್ಮ ದೇಶದವರು ಸಾಕಷ್ಟು ನೆಲೆಸಿರುವ ನಿಶಿಕಸಾಯ್‌ನಲ್ಲಿ ಮನೆ ಮಾಡಿದೆ. ಆಫೀಸಿನಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರಿದ್ದರು. ಅಲ್ಲಿನ ರೂಢಿಯಂತೆ ನಾನು ಅವರನ್ನು ಸೆಂಪೈ ಎನ್ನುತ್ತಿದ್ದೆ. ಮಿತಭಾಷಿ. ಒಂದು ದಿನ ಊಟದ ಹೊತ್ತಿನಲ್ಲಿ, ತಾನು ಹುಡುಗನಾಗಿದ್ದಾಗ ಕೆಲವು ವರ್ಷ ಯೊಕೊಸುಕಾದಲ್ಲಿದ್ದೆ, ಅಲ್ಲಿ ಬೆಳಗ್ಗೆಯೇ ತೆರೆಯುವ ಹಳೆಯ ಸಾರಾಯಿ ಅಂಗಡಿಗಳಿವೆ, ಒಂದು ಶನಿವಾರ ಸುಮ್ಮನೆ ಹೋಗಿ ಬರೋಣವೇ ಎಂದರು. ಸುಮ್ಮನೆ ಅನ್ನುವ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ವಾರವಿಡೀ ನಾನು ಎಕ್ಸೆಲ್ ಹಾಳೆ ತಯಾರಿಸಿದೆ. ಬೆಳಗ್ಗೆ ಹತ್ತೂವರೆಯಿಂದ ಸಂಜೆ ಆರರವರೆಗೆ ಅಂಗಡಿಗಳ ಸಾಲು. ಒಂದೊಂದಕ್ಕೆ ಇಂತಿಷ್ಟು ನಿಮಿಷ, ಒಂದರಿಂದ ಇನ್ನೊಂದಕ್ಕೆ ನಡೆಯುವ ದೂರ, ಎಲ್ಲಿ ಏನು ಕುಡಿಯಬೇಕು, ಏನು ತಿನ್ನಬೇಕು. ಹೆಂಡತಿ ಹಿಂದೆ ನಿಂತು ನೋಡಿ, “ಎಂತ ಮಾರಾಯ್ರೆ ಇದು, ಕುಡಿಯೂಕೂ ಟೈಮ್‌ಟೇಬಲ್ಲಾ?” ಎಂದಳು. ಕಳಿಸಿದ ಹಾಳೆಯನ್ನು ಸೆಂಪೈ ಪ್ರಿಂಟ್ ತೆಗೆದುಕೊಂಡು ಬಂದು, “ತುಂಬ ಶ್ರಮ ಪಟ್ಟಿದ್ದೀರಿ” ಎಂದರು. ಜಪಾನಿನಲ್ಲಿ ಅದು ಹೊಗಳಿಕೆಯೇ ಆಗಿರಬೇಕಾಗಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ಹಾಳೆಯ ಕೊನೆಯಲ್ಲಿ ಅವರು ಪೆನ್ಸಿಲ್ಲಿನಿಂದ ಒಂದೇ ಒಂದು ಹೆಸರು ಸೇರಿಸಿದ್ದರು. ವಾಕಾಮಾತ್ಸು ಮಾರ್ಕೆಟ್ ಎಂಬ ಓಣಿಯ ಪುಟ್ಟ ಬಾರು, ಸಂಜೆ ತೆರೆಯುವಂಥದ್ದು. ಆ ಓಣಿಯಲ್ಲಿ ಬ್ರಾಂಡಿಗೆ ಶುಂಠಿಯ ಸೋಡಾ ಬೆರೆಸಿ ಕೊಡುವುದು ವಾಡಿಕೆ, ‘ಯೊಕೊಸುಕಾ ಬ್ರಾಜಾ’ ಎಂದೇ ಹೆಸರು. ಅವರಿಗೆ ಇಡೀ ದಿನದಲ್ಲಿ ಬೇಕಾಗಿದ್ದದ್ದು ಅದಿಷ್ಟೇ.

ಯೊಕೊಸುಕಾ ಟೋಕಿಯೋ ಕೊಲ್ಲಿಯ ಬಾಯಿಯ ಹತ್ತಿರದ ನೌಕಾಪಡೆಯ ಊರು. 1853ರಲ್ಲಿ ಅಮೆರಿಕದ ಕಮೊಡೋರ್ ಪೆರಿ ಕಾಲಿಟ್ಟ ಕುರಿಹಾಮಾ ಈಗ ಇದೇ ನಗರದ ಭಾಗ. 1865ರಲ್ಲಿ ಲಿಯೋನ್ಸ್ ವೆರ್ನಿ ಎಂಬ ಫ್ರೆಂಚ್ ಎಂಜಿನಿಯರ್ ಮುಂದೆ ನಿಂತು ಇಲ್ಲಿ ಹಡಗುಕಟ್ಟೆಯ ಕೆಲಸ ಶುರುಮಾಡಿಸಿದ. ಅವನ ಕಾಲದಲ್ಲಿ ಕಲ್ಲಿನಲ್ಲಿ ಕಟ್ಟಿದ ಡ್ರೈ ಡಾಕ್ ಈಗ ಅಮೆರಿಕದ ನೌಕಾನೆಲೆಯ ಬೇಲಿಯೊಳಗಿದೆ, ಇನ್ನೂ ಬಳಕೆಯಲ್ಲಿದೆ. ಹಡಗುಕಟ್ಟೆ ಇದ್ದಲ್ಲಿ ರಾತ್ರಿಪಾಳಿ ಇದ್ದೇ ಇರುತ್ತದೆ. ರಾತ್ರಿಪಾಳಿ ಮುಗಿಸಿ ಬಂದವನಿಗೆ ಬೆಳಗಿನ ಹತ್ತು ಗಂಟೆಯೇ ಸಂಜೆ. ಈ ಊರಿನಲ್ಲಿ ಹಗಲು ಕುಡಿಯುವವನ ಕಡೆ ಯಾರೂ ತಿರುಗಿ ನೋಡದಿರುವುದಕ್ಕೆ ಇಂಥ ಹಿನ್ನೆಲೆಯಿದೆ.

ಇದನ್ನೆಲ್ಲ ಸೆಂಪೈ ರೈಲಿನಲ್ಲಿ ನಿಧಾನವಾಗಿ ಹೇಳುತ್ತಿದ್ದರು. ಶಿನಾಗಾವಾದಿಂದ ಕೇಕ್ಯು ಕಂಪನಿಯ ಕೆಂಪು ರೈಲು, ಬೋಗಿಯ ತುಂಬ ಬಿಸಿಲು. ಇಳಿದ ಮೇಲೆ ಮೊದಲು ವೆರ್ನಿಯ ಹೆಸರಿನ ಪಾರ್ಕಿಗೆ ಹೋಗಿ ಸಮುದ್ರ ನೋಡೋಣ ಎಂದರು. ನಾನು ಹಾಳೆ ತೋರಿಸಿ, ಅದು ನಮ್ಮ ದಾರಿಯಲ್ಲಿಲ್ಲ ಸೆಂಪೈ ಎಂದೆ.

ಮೊದಲ ಅಂಗಡಿ ಯೊಕೊಸುಕಾ-ಚೂಒ ನಿಲ್ದಾಣದ ಹತ್ತಿರ. ಬಾಗಿಲಿನ ಬಟ್ಟೆ ಸರಿಸಿ ಒಳಗೆ ಹೋದರೆ ಉದ್ದದ ಮರದ ಕಟ್ಟೆ, ಅದರ ಸುತ್ತ ಎಪ್ಪತ್ತು ದಾಟಿದ ಗಂಡಸರು. ಒಬ್ಬೊಬ್ಬರ ಮುಂದೆಯೂ ಒಂದು ಗ್ಲಾಸು, ಒಂದು ಪ್ಲೇಟು, ಒಬ್ಬರ ಕೈಯಲ್ಲಿ ದಿನಪತ್ರಿಕೆ. ಟಿವಿಯಲ್ಲಿ ಏನೋ ಬರುತ್ತಿತ್ತು, ಯಾರೂ ನೋಡುತ್ತಿರಲಿಲ್ಲ. ಸೆಂಪೈ ಬಿಸಿ ತೋಫು ತರಿಸಿದರು. ಮೇಲೆ ಸಾಸಿವೆ ಬಳಿದು, ಒಣಮೀನಿನ ಎಸಳು, ಈರುಳ್ಳಿ ಸೊಪ್ಪು ಉದುರಿಸಿ ಕೊಡುವುದು ಇಲ್ಲಿನ ಪದ್ಧತಿ. ನಾನು ವಿನಿಗರಿನಲ್ಲಿ ಹದ ಮಾಡಿದ ಹಸಿ ಸಾಬಾ ಹೇಳಿದೆ. ನಮ್ಮ ಬಂಗುಡೆಯ ದಾಯಾದಿ ಮೀನು ಅದು. ಕಡಲೂರಿನಲ್ಲಿ ಹುಟ್ಟಿದವನಿಗೆ ಬಂಗುಡೆಯ ಬಗ್ಗೆ ಪಾಠ ಬೇಕೇ? ಎರಡು ತುಂಡು ಬಾಯಿಗೆ ಹಾಕಿಕೊಂಡು, ಇದಕ್ಕೆ ಸ್ವಲ್ಪ ಮೆಣಸಿನ ಮಸಾಲೆ ಹಚ್ಚಿ ಹುರಿದಿದ್ದರೆ ಎಂದು ಭಾಷಣ ಮಾಡಿದೆ. ಸೆಂಪೈ ಕೇಳಿಸಿಕೊಂಡರು.

ಕುಡಿಯುವುದಕ್ಕೆ ಹಾಪಿ. 1948ರಲ್ಲಿ, ಬಿಯರ್ ಜನಸಾಮಾನ್ಯರ ಕೈಗೆಟುಕದ ಕಾಲದಲ್ಲಿ, ಬಂದ ಕಂದು ಬಾಟಲಿಯ ಪಾನೀಯ. ಅದರಲ್ಲಿರುವ ಮದ್ಯಸಾರ ಶೇಕಡ 0.8 ಮಾತ್ರ. ಇದನ್ನು ನಾನು ಮೊದಲೇ ಓದಿಕೊಂಡಿದ್ದೆ, ಹಾಳೆಯಲ್ಲಿ ಬರೆದೂ ಇದ್ದೆ. ಆದರೆ ಹಾಪಿಯನ್ನು ಬರಿದೆ ಯಾರೂ ಕುಡಿಯುವುದಿಲ್ಲ, ಶೇಕಡ 25ರ ಶೋಚು ಎಂಬ ಜಪಾನಿ ಸಾರಾಯಿಗೆ ಬೆರೆಸಿ ಕುಡಿಯುತ್ತಾರೆ. ಒಂದಕ್ಕೆ ಐದರಂತೆ ಬೆರೆಸಿದರೆ ಬಿಯರಿನಷ್ಟೇ ಗಟ್ಟಿ. ಯೊಕೊಸುಕಾದ ಅಂಗಡಿಗಳು ಶೋಚು ಸುರಿಯುವುದರಲ್ಲಿ ಕೈ ಬಿಗಿ ಹಿಡಿಯುವುದಿಲ್ಲ ಎಂಬ ಖ್ಯಾತಿ ಪಡೆದವು. ಒಂದಕ್ಕೆ ಎರಡೇ ಪಾಲು ಬಿದ್ದರೆ ಶೇಕಡ ಒಂಬತ್ತರ ಹತ್ತಿರ ಹೋಗುತ್ತದೆ. ಈ ಲೆಕ್ಕವನ್ನು ನಾನು ಮಾಡಿದ್ದು ಮಾರನೆಯ ದಿನ, ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು. ಅವತ್ತು ಮಾತ್ರ ಶರಬತ್ತು ಕುಡಿದಂತೆ ಕುಡಿದೆ. ಸೆಂಪೈ ಅವರ ಮುಖ ಅರ್ಧ ಗ್ಲಾಸಿಗೇ ಕೆಂಪಾಯಿತು. ಜಪಾನಿನವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಇಬ್ಬರಿಗೆ ಮದ್ಯವನ್ನು ಅರಗಿಸುವ ಒಂದು ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದಕ್ಕೇ ಆ ಕೆಂಪು. ಪಾಪ, ಇವರಿಗೆ ತಾಕತ್ತಿಲ್ಲ ಎಂದುಕೊಂಡೆ. ತೋಫು ಅರ್ಧ ಉಳಿದಿರುವಾಗಲೇ ಗಡಿಯಾರ ನೋಡಿ ಎದ್ದೆ.

ಎರಡನೆಯ ಅಂಗಡಿಯ ವಿಷಯ ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ವಯಸ್ಸಾದ ಹೆಂಗಸೊಬ್ಬರೇ ನಡೆಸುವ ಜಾಗ. ಕೂತ ಕೂಡಲೇ ಬಿಸಿ ಒದ್ದೆ ಟವೆಲು ಕೊಟ್ಟು, ಇಬ್ಬರ ಮುಂದೆಯೂ ಒಂದೊಂದು ಪುಟ್ಟ ಬಟ್ಟಲು ಇಟ್ಟರು. ಮೂಲಂಗಿಯ ಜೊತೆ ಬೇಯಿಸಿದ ಬೊಂಡಾಸ್, ಅಂದರೆ ಸ್ಕ್ವಿಡ್. ನಾವು ಕೇಳಿರಲಿಲ್ಲ. ಹಾಗೆಂದು ಅವರಿಗೆ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲವೇನೋ ಎಂದು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ. ಸೆಂಪೈ ನನ್ನ ತೋಳು ಮುಟ್ಟಿದರು. ಅವರಿಗೆ ಸಂಕೋಚ, ನಾನೇ ನಿಭಾಯಿಸುತ್ತೇನೆ ಎಂದು ತಿಳಿದೆ. ಎರಡೂ ಬಟ್ಟಲುಗಳನ್ನು ಕಟ್ಟೆಯ ಆಚೆಗೆ ತಳ್ಳಿದೆ. ಆಕೆ ಮುಖದ ಗೆರೆ ಕದಲಿಸದೆ ಎತ್ತಿಕೊಂಡರು.

ಅದರ ಹೆಸರು ಒತೊಶಿ. ಕೂತ ಜಾಗದ ಬಾಡಿಗೆ ಎನ್ನಿ, ಅಡುಗೆಯವರು ಹೇಳುವ ನಮಸ್ಕಾರ ಎನ್ನಿ, ಇಂಥ ಅಂಗಡಿಗಳಲ್ಲಿ ಅದು ಕೇಳದೆಯೇ ಬರುತ್ತದೆ, ಬಿಲ್ಲಿನಲ್ಲಿ ಮುನ್ನೂರೋ ನಾನೂರೋ ಯೆನ್ ಸೇರುತ್ತದೆ. ವರ್ಷಗಳಿಂದ ಜಪಾನಿನಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಯಾಕೆಂದರೆ ನಾನು ಹೋಗಿದ್ದೆಲ್ಲ ಆಫೀಸಿನ ಗುಂಪಿನಲ್ಲಿ, ತಲೆಗೆ ಇಷ್ಟು ಎಂದು ಯಾರೋ ವಸೂಲಿ ಮಾಡುತ್ತಿದ್ದರು, ಬಿಲ್ಲಿನ ಮುಖವನ್ನೇ ನಾನು ಕಂಡವನಲ್ಲ. ಎರಡನೆಯ ಸಲದ ಸಾಂಬಾರಿಗೆ ಕಾಸು ಕೇಳದ ಹೋಟೆಲುಗಳಲ್ಲಿ ಬೆಳೆದವನು ಬೇರೆ.

ಬಿಲ್ಲು ಬಂತು. ಅದರಲ್ಲಿ ಬಟ್ಟಲಿನ ದುಡ್ಡಿತ್ತು. ತಿನ್ನದ್ದಕ್ಕೆ ಯಾಕೆ ಕೊಡಬೇಕು ಎಂದು ನ್ಯಾಯ ಕೇಳಿದೆ. ಅಂಗಡಿಯಲ್ಲಿದ್ದ ಉಳಿದ ಇಬ್ಬರು ಗಿರಾಕಿಗಳು ತಮ್ಮ ತಮ್ಮ ಗ್ಲಾಸಿನೊಳಗೆ ಏನೋ ಹುಡುಕತೊಡಗಿದರು. ಸೆಂಪೈ ಗೋಡೆಯ ಕ್ಯಾಲೆಂಡರನ್ನು ಓದುತ್ತಿದ್ದರು. ಆಕೆ ಪೆನ್ನಿನಿಂದ ಗೆರೆ ಎಳೆದು ಮೊತ್ತ ತಿದ್ದಿ, ಎರಡೂ ಕೈಯಲ್ಲಿ ಬಿಲ್ಲು ಹಿಡಿದು ಕೊಟ್ಟರು.

ಹೊರಗೆ ಬಂದ ಮೇಲೆ ಸೆಂಪೈ, “ಕೊಡೆ ಮರೆತೆ” ಎಂದು ಮತ್ತೆ ಒಳಗೆ ಹೋದರು. ಆಕಾಶದಲ್ಲಿ ಒಂದೂ ಮೋಡವಿರಲಿಲ್ಲ. ಬಾಗಿಲ ಬಟ್ಟೆಯ ಸಂದಿಯಿಂದ ಇಣುಕಿದೆ. ಅವರು ಕಟ್ಟೆಯ ಮೇಲೆ ನಾಣ್ಯಗಳನ್ನಿಟ್ಟು, ಸೊಂಟದವರೆಗೆ ಬಾಗಿ ನಿಂತಿದ್ದರು. ಆಕೆಯೂ ಬಾಗಿದ್ದರು. ನೋಡಿದ್ದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಕೊಡೆಯಿಲ್ಲದೆ ಹೊರಬಂದ ಅವರಿಗೆ, ಎಂಟುನೂರು ಯೆನ್ ಉಳಿಸಿದೆ ನೋಡಿ ಎಂದು ಹೇಳಿದೆ. ಹೌದು, ಬಾಯಿಬಿಟ್ಟು ಹೇಳಿದೆ.

ಮೂರನೆಯದು ನಿಂತು ಕುಡಿಯುವ ಅಂಗಡಿ. ಹಾಪಿಯ ಬಾಟಲಿಯಲ್ಲಿ ಇನ್ನೂ ಉಳಿದಿರುವಾಗ ಶೋಚು ಮಾತ್ರ ಬೇಕಾದರೆ ‘ನಾಕಾ’ ಎಂದು ಕೇಳಬೇಕು. ಆ ಮಾತನ್ನು ಕಲಿತ ಖುಷಿಗೆ ಮತ್ತೆ ಮತ್ತೆ ಕೇಳಿದೆ. ಊಟದ ಕಾಲಂ ಆ ಅಂಗಡಿಯ ಎದುರು ಖಾಲಿ ಇತ್ತು, ಹಾಗಾಗಿ ಏನೂ ತಿನ್ನಲಿಲ್ಲ. ನಾಲ್ಕನೆಯದು ಇತ್ತೋ ಇಲ್ಲವೋ ಸೆಂಪೈ ಅವರನ್ನೇ ಕೇಳಬೇಕು.

ಎಚ್ಚರವಾದಾಗ ಪಾರ್ಕಿನ ಬೆಂಚಿನ ಮೇಲಿದ್ದೆ. ಅದೇ ವೆರ್ನಿಯ ಪಾರ್ಕು. ತಲೆಯ ಕೆಳಗೆ ಸೆಂಪೈ ಅವರ ಕೋಟು, ಪಕ್ಕದಲ್ಲಿ ವೆಂಡಿಂಗ್ ಮೆಷಿನ್ನಿನಿಂದ ತಂದ ಪೊಕಾರಿ ಸ್ವೆಟ್ ಬಾಟಲಿ. ನನ್ನ ಶೂಗಳನ್ನು ಯಾರೋ ಒರೆಸಿದ್ದರು; ಯಾಕೆ ಒರೆಸಬೇಕಾಯಿತು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಗುಲಾಬಿ ಗಿಡಗಳ ಆಚೆ ನೀರು, ನೀರಿನಲ್ಲಿ ಕಪ್ಪಗೆ ಜಲಾಂತರ್ಗಾಮಿಗಳು. ಮಕ್ಕಳನ್ನು ಕರೆದುಕೊಂಡು ಬಂದವರು ನಮ್ಮ ಬೆಂಚನ್ನು ಬಳಸಿಕೊಂಡು ಹೋಗುತ್ತಿದ್ದರು. ಊರಿನಲ್ಲಿ ಯಾವ ನೋಟಕ್ಕೆ ಹೆದರಿ ಸಂದಿಯಲ್ಲಿ ನಿಂತು ಕುಡಿಯುತ್ತಿದ್ದೆನೋ, ಆ ನೋಟ ಕೊನೆಗೂ ಇಲ್ಲಿ ಸಿಕ್ಕಿತು. ಹಗಲು ಕುಡಿಯುವ ಊರಿನಲ್ಲಿ, ಹಗಲು ಕುಡಿದು ಬಿದ್ದವನು ನಾನೊಬ್ಬನೇ.

ಹೊತ್ತು ಮುಳುಗುವುದರಲ್ಲಿತ್ತು. ವಾಕಾಮಾತ್ಸು ಮಾರ್ಕೆಟ್ಟಿನ ಬಾರು ತೆರೆಯುವ ಸಮಯ. ಅಲ್ಲಿಗೆ ಹೋಗೋಣ ಸೆಂಪೈ ಎಂದು ಎದ್ದು ನಿಲ್ಲಲು ನೋಡಿದೆ, ಕಾಲು ಕೇಳಲಿಲ್ಲ. “ಇವತ್ತು ಬೇಡ” ಎಂದು ಅವರು ಕೋಟು ಕೊಡವಿ ಹಾಕಿಕೊಂಡರು. ನಾವು ವಾಪಸು ಹತ್ತಿದ ರೈಲು ಟೋಕಿಯೋ ದಾಟಿ ಚಿಬಾದ ಕಡೆಗೂ ಹೋಗುವಂಥದ್ದು, ನಾನೊಬ್ಬನೇ ಇದ್ದಿದ್ದರೆ ಎಲ್ಲಿಗೆ ಮುಟ್ಟುತ್ತಿದ್ದೆನೋ. ಅವರು ಶಿನಾಗಾವಾದಲ್ಲಿ ಎಬ್ಬಿಸಿ, ತಮ್ಮ ಮನೆಯ ದಾರಿ ಬಿಟ್ಟು ನನ್ನ ಮನೆಯ ಬಾಗಿಲವರೆಗೆ ಬಂದರು.

ಸೋಮವಾರ ಆಫೀಸಿನಲ್ಲಿ ಅವರು ಎಂದಿನಂತೆಯೇ ಇದ್ದರು. ಬೈದಿದ್ದರೆ ಹಗುರವಾಗುತ್ತಿತ್ತು. ತಪ್ಪು ಮಾಡಿದವರು ಸಿಹಿತಿಂಡಿಯ ಪೆಟ್ಟಿಗೆ ಒಯ್ದು ಕ್ಷಮೆ ಕೇಳುವುದು ಅಲ್ಲಿನ ಪದ್ಧತಿ. ನಾನೂ ಒಯ್ದೆ. ಒತೊಶಿ ಎಂದರೇನೆಂದು ಅವರು ನನಗೆ ಹೇಳಿದ್ದು ಅವತ್ತೇ, ಅದೂ ನಾನು ಕೇಳಿದ ಮೇಲೆ. ಅಂಗಡಿಯಲ್ಲೇ ಯಾಕೆ ಹೇಳಲಿಲ್ಲ ಎಂದರೆ, “ನಿಮಗೆ ಅವಮಾನವಾಗುತ್ತಿತ್ತು” ಎಂದರು.

ಆಮೇಲೆ ಬಹಳ ಯೋಚಿಸಿದ್ದೇನೆ. ದುಡ್ಡಿನ ಜಗಳ, ಲೆಕ್ಕ ತಪ್ಪಿದ ಶೋಚು, ಇವೆಲ್ಲ ಮೇಲಿನ ಸಂಗತಿಗಳು. ನನಗೆ ಬಿಡುವಾಗಿ ಕೂತು ಕುಡಿಯಲು ಬರುವುದೇ ಇಲ್ಲ ಎಂಬುದು ಕೆಳಗಿನದು. ಬಿಸಿಲಿನಲ್ಲಿ, ನಾಲ್ಕು ಜನರ ಎದುರು, ಗ್ಲಾಸು ಮುಂದಿಟ್ಟುಕೊಂಡು ಕೂರುವುದೆಂದರೆ ಒಳಗೊಳಗೇ ಅಪರಾಧದ ಭಾವ. ಅದನ್ನು ಮುಚ್ಚಲು ಒಂದು ಕಾರ್ಯಕ್ರಮ ಬೇಕಾಯಿತು. ಪಟ್ಟಿ ಇದ್ದರೆ ಕುಡಿಯುವುದೂ ಒಂದು ಕೆಲಸವಾಗುತ್ತದಲ್ಲ. ಪತ್ರಿಕೆ ಓದುತ್ತಿದ್ದ ಆ ಮುದುಕರಿಗೆ ಬಚ್ಚಿಡುವಂಥದ್ದೇನೂ ಇರಲಿಲ್ಲ, ಹಾಗಾಗಿ ಅವಸರವೂ ಇರಲಿಲ್ಲ. ಅವರು ಎರಡು ಗ್ಲಾಸಿಗೆ ಎದ್ದು ಮನೆಗೆ ಹೋಗುವವರು. ಊರಿನ ಗಡಂಗಿನ ಮೇಲೂ ನನಗೆ ಈಗ ಮೊದಲಿನ ತಾತ್ಸಾರವಿಲ್ಲ. ಅಲ್ಲಿ ಕೂತವರಲ್ಲಿ ಎಷ್ಟು ಜನ ರಾತ್ರಿ ದೋಣಿಯಲ್ಲಿ ದುಡಿದು ಬಂದವರಿದ್ದರೋ, ನಾವು ಕೇಳಿದವರಲ್ಲ.

ಸೆಂಪೈ ಜೊತೆ ಮತ್ತೆ ಯೊಕೊಸುಕಾಗೆ ಹೋದೆ. ಈ ಸಲ ಹಾಳೆ ಇರಲಿಲ್ಲ. ಪಾರ್ಕು, ಒಂದು ಅಂಗಡಿ, ತೋಫು ಪೂರ್ತಿ, ಸಂಜೆಗೆ ಅವರ ಓಣಿಯ ಬ್ರಾಂಡಿ. ನಡುವೆ ಆ ಎರಡನೆಯ ಅಂಗಡಿಯ ಮುಂದೆ ಹಾದುಹೋದೆವು. ಬಾಗಿಲು ತೆರೆದಿತ್ತು. ಒಳಗೆ ಹೋಗುವ ಧೈರ್ಯ ನನಗೆ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ನೀವು ಹೋಗುವುದಾದರೆ, ಬೆಳಗ್ಗೆ ಹೊಟ್ಟೆತುಂಬ ತಿಂದು ಹೊರಡಿ. ಶಿನಾಗಾವಾದಿಂದ ಕೇಕ್ಯುವಿನ ವೇಗದ ರೈಲಿಗೆ ಒಂದು ಗಂಟೆಯೂ ಬೇಡ. ಶೋಚು ಕಡಿಮೆ ಹಾಕಿ ಎಂದು ಕೇಳಲು ನಾಚಬೇಡಿ. ಕೇಳದೆ ಬಟ್ಟಲು ಬಂದರೆ ತಿನ್ನಿ, ಮೂಲಂಗಿ ಬೊಂಡಾಸ್ ಬಿಸಿಯಿದ್ದಾಗಲೇ ಚೆನ್ನ ಎಂದು ಸೆಂಪೈ ಹೇಳುತ್ತಾರೆ.