ಬ್ರಂಚ್ ಹುಡುಕಿಕೊಂಡು ನಾಲ್ಕು ತಾಲೂಕು

ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು ಡಿಸೆಂಬರ್ ರಜೆಗೆ ಮೈಸೂರಿನ ಮನೆಗೆ ಬಂದಿದ್ದಳು. ಅವಳ ಬಾಯಲ್ಲಿ ಈಗ ಕೆಫೆಗಳದ್ದೇ ಮಾತು. ಇಂದಿರಾನಗರದ ಒಂದರಲ್ಲಿ ಬ್ರಂಚ್, ಕೋರಮಂಗಲದ ಇನ್ನೊಂದರಲ್ಲಿ ಡಿನ್ನರ್. ಮೊಬೈಲಿನಲ್ಲಿ ಫೋಟೊ ತೋರಿಸುತ್ತಾ, "ದಾದಿ, ಇದು ನೋಡಿ. ಬೆಣ್ಣೆಹಣ್ಣು ಹಚ್ಚಿದ ಬ್ರೆಡ್ಡು. ಒಂದು ಪ್ಲೇಟಿಗೆ 420 ರೂಪಾಯಿ" ಎಂದಳು.

ಅಮ್ಮಿ, ಅಂದರೆ ನನ್ನ ಅತ್ತೆ, ಕನ್ನಡಕ ಸರಿಮಾಡಿಕೊಂಡು ನೋಡಿದರು. "ಬ್ರಂಚ್ ಅಂದ್ರೇನು?"

"ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡನ್ನೂ ಸೇರಿಸಿ ಹತ್ತು ಹನ್ನೊಂದು ಗಂಟೆಗೆ ತಿನ್ನೋದು."

"ಹಾಗಾದ್ರೆ ಗಂಜಾಮಿನಲ್ಲಿ ನಮ್ಮ ಮನೆ ಹಿಂದಿನ ಹೊಲದವರೆಲ್ಲ ದಿನಾ ಬ್ರಂಚೇ ತಿಂತಿದ್ರು. ಹತ್ತು ಗಂಟೆಗೆ ಮುದ್ದೆ ಬುತ್ತಿ ಹೋಗ್ತಿತ್ತು. 420 ರೂಪಾಯಿ ಮಾತ್ರ ಯಾರೂ ಕೊಡ್ತಿರಲಿಲ್ಲ."

ನಾವೆಲ್ಲ ನಕ್ಕೆವು. ಆದರೆ ಮಗಳು ನಗುತ್ತಲೇ ಒಂದು ಪ್ರಶ್ನೆ ಕೇಳಿದಳು. "ದಾದಿ, ನೀವು ಹೋಟೆಲಿನಲ್ಲಿ ಕೂತು ಊಟ ಮಾಡಿ ಎಷ್ಟು ವರ್ಷ ಆಯ್ತು?" ಅಮ್ಮಿ ಬಹಳ ಹೊತ್ತು ಯೋಚಿಸಿದರು. ಪಾರ್ಸೆಲ್ ತಂದದ್ದನ್ನು ತಿಂದಿದ್ದಾರೆ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಇಡ್ಲಿ ತರಿಸಿಕೊಂಡಿದ್ದಾರೆ. ಮದುವೆ ಮನೆಗಳಲ್ಲಿ ಉಂಡಿದ್ದಾರೆ. ಹೋಟೆಲಿನಲ್ಲಿ ಕುರ್ಚಿ ಎಳೆದು ಕೂತು, ಏನು ಬೇಕೆಂದು ತಾನೇ ಹೇಳಿ ತಿಂದದ್ದು 71 ವರ್ಷದಲ್ಲಿ ಮೂರೋ ನಾಲ್ಕೋ ಸಲ. ನಾವು ಎಲ್ಲಿಗೆ ಹೋದರೂ ಹಿಂದಿನ ರಾತ್ರಿ ಕೂತು ಕಟ್ಟಿದ ಟಿಫಿನ್ ಕ್ಯಾರಿಯರ್ ಜೊತೆಗಿರುತ್ತದೆ. ಪ್ರವಾಸ ಎಂದರೆ ನಮ್ಮ ಮನೆಯ ಹೆಂಗಸರಿಗೆ ಬೆಳಗ್ಗೆ ನಾಲ್ಕಕ್ಕೆ ಏಳುವ ದಿನ. ನಿಮ್ಮಲ್ಲಿ ಬೇರೆ ರೀತಿ ಇದ್ದರೆ ಸಂತೋಷ.

ಹಾಗಾಗಿ ಒಂದು ದಿನದ ಮಟ್ಟಿಗೆ ಒಲೆ ಹಚ್ಚಬಾರದು, ಕ್ಯಾರಿಯರ್ ಕಟ್ಟಬಾರದು ಎಂದು ತೀರ್ಮಾನವಾಯಿತು. ಬೆಂಗಳೂರಿಗೆ ಅಮ್ಮಿ ಒಪ್ಪಲಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ನಾಲ್ಕೂ ಮಂಡ್ಯ ಜಿಲ್ಲೆಯ ತಾಲೂಕುಗಳು, ಒಂದು ಸುತ್ತು ಹಾಕಿದರೆ ರಾತ್ರಿಗೆ ಮನೆ ಸೇರಬಹುದು. ಕಾರು ನಡೆಸುವ ಕೆಲಸ ನಮ್ಮ ಮನೆಯವರಿಗೆ ಬಿತ್ತು.

ಶ್ರೀರಂಗಪಟ್ಟಣ ತಲುಪಿದಾಗ ಏಳೂವರೆ. ಮೊದಲು ಗುಂಬಝ್‌ಗೆ ಹೋದೆವು. ಹೈದರ್ ಅಲಿ 1782ರಲ್ಲಿ ತೀರಿಕೊಂಡ ಮೇಲೆ ಟಿಪ್ಪು ಸುಲ್ತಾನ್ ತಂದೆಗಾಗಿ ಕಟ್ಟಿಸಿದ ಗೋರಿ ಅದು. ತಾಯಿ ಫಕ್ರುನ್ನಿಸಾ ಅಲ್ಲೇ ಇದ್ದಾರೆ. 1799ರ ಮೇ 4ರಂದು ಕೋಟೆಯಲ್ಲಿ ಹೋರಾಡುತ್ತಾ ಬಿದ್ದ ಮಗನನ್ನೂ ಅವರ ಪಕ್ಕದಲ್ಲೇ ಮಲಗಿಸಿದರು. ಸುತ್ತಲಿನ ಕಪ್ಪು ಕಲ್ಲಿನ ಕಂಬಗಳು ಚಳಿಗಾಲದ ಬೆಳಗಿನಲ್ಲಿ ಕೈಯಿಟ್ಟರೆ ಕೊರೆಯುತ್ತವೆ. ಇಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ಅಮ್ಮಿಯ ತವರು. ಗಂಜಾಮಿನ ಅಂಜೂರ ಒಂದು ಕಾಲಕ್ಕೆ ಹೆಸರುವಾಸಿ. "ಮರಕ್ಕೆ ಹತ್ತಿ ಕಿತ್ತರೆ ಕೈಯೆಲ್ಲ ಹಾಲು ಅಂಟಿ ತುರಿಕೆ" ಎಂದು ಅಮ್ಮಿ ಈಗಲೂ ಅಂಗೈ ಉಜ್ಜಿಕೊಂಡು ಹೇಳುತ್ತಾರೆ.

ತಿಂಡಿಗೆ ಪೇಟೆಯ ಒಂದು ಸಣ್ಣ ಹೋಟೆಲಿಗೆ ಹೋದೆವು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾದ ಮೇಲೆ ವಾಹನಗಳು ಊರಿನ ಹೊರಗಿನಿಂದಲೇ ಹೋಗುತ್ತವೆ. ಹಳೆಯ ರಸ್ತೆಯ ಹೋಟೆಲುಗಳಿಗೆ ಇದರ ಪೆಟ್ಟು ಬಿದ್ದಿದೆ. ಬಿದ್ದದ್ದು ಎಷ್ಟೆಂದು ಖಾಲಿ ಬೆಂಚುಗಳೇ ಹೇಳುತ್ತಿದ್ದವು. ತಟ್ಟೆ ಇಡ್ಲಿ ಮಾತ್ರ ಬಿಸಿಯಾಗಿತ್ತು, ಮೇಲೆ ಒಂದು ಉಂಡೆ ಬೆಣ್ಣೆ. ಅಮ್ಮಿ ಎರಡು ಇಡ್ಲಿ ತಿಂದರು. ಟೀ ಬಂದಾಗ ಲೋಟ ಪಕ್ಕಕ್ಕೆ ಸರಿಸಿಬಿಟ್ಟರು.

"ಯಾಕೆ ಅಮ್ಮಿ, ಚೆನ್ನಾಗಿಲ್ವಾ?"

"ಬೇಡಮ್ಮ. ಟೀ ಕುಡಿದ್ರೆ ಆಮೇಲೆ ಕಷ್ಟ."

ಕೈತೊಳೆಯುವ ಜಾಗದ ಹಿಂದೆ ಒಂದು ಬಾಗಿಲಿತ್ತು. ಅದಕ್ಕೆ ಬೀಗ. ಬೀಗದ ಕೈ ಯಾರ ಹತ್ತಿರವಿದೆ ಎಂದು ಕೇಳಿದರೆ ಹುಡುಗ ಭುಜ ಕುಣಿಸಿದ. ಆಗ ನನ್ನ ಬ್ಯಾಗಿನಲ್ಲಿದ್ದ ನೀರಿನ ಬಾಟಲಿ ನೋಡಿದೆ. ಮನೆಯಿಂದ ತುಂಬಿಸಿ ತಂದದ್ದು ಹಾಗೇ ಇತ್ತು. ಮುಚ್ಚಳ ಕೂಡ ತೆಗೆದಿರಲಿಲ್ಲ. ಅಮ್ಮಿಗೆ ಸಕ್ಕರೆ ಕಾಯಿಲೆ. ಹಿಂದಿನ ವರ್ಷ ಮೂತ್ರದ ಸೋಂಕಾಗಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ನೀರು ಚೆನ್ನಾಗಿ ಕುಡಿಯಬೇಕು, ತಡೆಹಿಡಿಯಬಾರದು ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಹೊರಗೆ ಹೊರಟ ದಿನ ಆ ಮಾತನ್ನು ಅಮ್ಮಿಯೂ ಮರೆಯುತ್ತಾರೆ, ನಾನೂ ಮರೆಯುತ್ತೇನೆ. ಮರೆಯುವುದಲ್ಲ, ಎಲ್ಲಿಯೂ ಹೋಗಲು ಜಾಗವಿರುವುದಿಲ್ಲ ಎಂದು ಗೊತ್ತಿರುತ್ತದೆ. ಬಸ್ಸಿನಲ್ಲಿ ಓಡಾಡುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಗಳು ಡೈರಿಯಲ್ಲಿ ರುಚಿಗೆ ಅಂಕ ಹಾಕಬೇಕೆಂದಿದ್ದಳು. ಆ ಬೀಗ ನೋಡಿದ ಮೇಲೆ ರುಚಿಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದಳು. ನದಿ ದಂಡೆಯ ಇನ್ನೊಂದು ಹೋಟೆಲಿನಲ್ಲಿ ಶುಚಿಯಾದ ಶೌಚಾಲಯ ಸಿಕ್ಕಿತು. ಅಲ್ಲಿ ಅಮ್ಮಿ ನಿರಾಳವಾಗಿ ಎರಡು ಲೋಟ ಟೀ ಕುಡಿದರು. ಟೀ ಸಪ್ಪೆಯಾಗಿತ್ತು, ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಕಾವೇರಿ ಎರಡು ಕವಲಾಗಿ ಊರನ್ನು ತಬ್ಬಿಕೊಂಡು ಹರಿಯುವುದನ್ನೇ ನೋಡುತ್ತಾ ಕೂತಿದ್ದರು.

ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂದು ಹೆಸರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು 'ಫ್ರೆಂಚ್ ರಾಕ್ಸ್' ಎಂದು ಕರೆದರು. ದಾರಿಯುದ್ದಕ್ಕೂ ಕಬ್ಬು. ಒಂದು ಆಲೆಮನೆಯ ಹೊಗೆ ಕಂಡಾಗ ಮಗಳು ಕಾರು ನಿಲ್ಲಿಸಿದಳು.

ಒಳಗೆ ದೊಡ್ಡ ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು. ಇಲ್ಲಿ ಹಾಲು ಎಂದರೆ ಕಬ್ಬಿನ ಹಾಲು. ಕೆಳಗಿನ ಒಲೆಗೆ ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಯೇ ಸೌದೆ. ಕುದಿ ಬರುತ್ತಿದ್ದಂತೆ ಸುಣ್ಣದ ತಿಳಿ ಹಾಕುತ್ತಾರೆ, ಮೇಲೆ ಬಂದ ಕೊಳೆಯನ್ನು ಉದ್ದ ಹಿಡಿಯ ಜಾಲರಿಯಿಂದ ತೆಗೆಯುತ್ತಾರೆ. ಕೆಲವರು ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುವುದೂ ಉಂಟು. ಪಾಕ ಹದಕ್ಕೆ ಬಂತೇ ಎಂದು ನೋಡಲು ಕೆಲಸಗಾರ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿದ. ಉಂಡೆ ಕಟ್ಟಿತು. ಕೂಡಲೇ ಎಲ್ಲರೂ ಸೇರಿ ಕೊಪ್ಪರಿಗೆ ಬಗ್ಗಿಸಿದರು. ತುಂಬ ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಬಣ್ಣ ಬರಲೆಂದು ರಾಸಾಯನಿಕ ಬೆರೆಸಿರುತ್ತಾರೆ. ಕಂದು ಬಣ್ಣದ ಬೆಲ್ಲವೇ ಒಳ್ಳೆಯದು, ಕೊಳ್ಳುವಾಗ ನೆನಪಿರಲಿ. ಬಿಸಿ ಬೆಲ್ಲವನ್ನು ಎಲೆಯ ತುಂಡಿನ ಮೇಲೆ ಕೊಟ್ಟರು. ಅಮ್ಮಿ ನನ್ನ ಮುಖ ನೋಡಿದರು. ಒಂದು ಚೂರಿಗೆ ನಾನು ಬೇರೆ ಕಡೆ ತಿರುಗಿದೆ.

ಬ್ರಂಚ್ ಆದದ್ದು ಪೇಟೆಯ ಒಂದು ಮಿಲಿಟರಿ ಹೋಟೆಲಿನಲ್ಲಿ. ಮಾಂಸದೂಟದ ಹೋಟೆಲಿಗೆ ನಮ್ಮ ಹಳೆ ಮೈಸೂರು ಕಡೆಯ ಹೆಸರು ಅದು. ನಮಗೆ ಅದರೊಳಗೆ ಕಾಲಿಡಲು ಯಾವಾಗಲೂ ಒಂದು ಅಳುಕು. ಮನೆಯವರು ಗಲ್ಲಾದ ಹತ್ತಿರ ಹೋಗಿ ಮೆಲ್ಲಗೆ, "ಹಲಾಲ್ ಕಟ್ಟಾ?" ಎಂದು ಕೇಳಿದರು. ಗಲ್ಲಾದಲ್ಲಿದ್ದ ಹೆಂಗಸು ದೊಡ್ಡ ಸ್ವರದಲ್ಲೇ, "ಕೋಳಿ, ಮಟನ್ ಎಲ್ಲಾ ಸಾಬರ ಅಂಗ್ಡಿಯಿಂದ್ಲೇ ತರೋದು ಕಣಣ್ಣ, ನಮ್ಮ ಮಾವನ ಕಾಲ್ದಿಂದ್ಲೂ. ಬನ್ನಿ ಬೂಬಮ್ಮ, ಫ್ಯಾನ್ ಕೆಳಗೆ ಕೂತ್ಕಳಿ" ಎಂದರು.

ಅವರೆಕಾಯಿಯ ಕಾಲ. ಹಿತಕಿದ ಅವರೆಕಾಳಿನ ಸಾರು, ರಾಗಿ ಮುದ್ದೆ, ಮನೆಯವರಿಗೆ ನಾಟಿ ಕೋಳಿ ಸಾರು. ನಾನು ಕರಾವಳಿಯಲ್ಲಿ ಹುಟ್ಟಿ ಪತ್ತಿರ್, ನೀರುದೋಸೆ ತಿಂದು ಬೆಳೆದವಳು. ಮದುವೆಯಾದ ಹೊಸತರಲ್ಲಿ ಮೊದಲ ಮುದ್ದೆಯನ್ನು ಜಗಿದು, ಹಲ್ಲಿಗೆಲ್ಲ ಅಂಟಿ, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದೆ. "ಜಗೀಬೇಡ, ಸಾರಲ್ಲಿ ಹೊರಳಿಸಿ ನುಂಗು" ಎಂದು ಹೇಳಿಕೊಟ್ಟದ್ದು ಇದೇ ಅಮ್ಮಿ. ಈಗ ಮೊಮ್ಮಗಳಿಗೂ ಅದನ್ನೇ ಹೇಳಿಕೊಡುತ್ತಿದ್ದರು. ನಾಲ್ವರ ಬಿಲ್ಲು ಆ ಬೆಣ್ಣೆಹಣ್ಣಿನ ಬ್ರೆಡ್ಡಿನ ಒಂದು ಪ್ಲೇಟಿಗಿಂತ ಸ್ವಲ್ಪವೇ ಹೆಚ್ಚಾಯಿತು.

ಎದ್ದು ಹೊರಡುವಾಗ ಆ ಹೆಂಗಸು ತಾವಾಗಿಯೇ, "ಬಚ್ಚಲಿಗೆ ಹೋಗ್ಬೇಕಾ? ಹಿಂದ್ಗಡೆ ನಮ್ಮನೇದೇ ಐತೆ, ಬನ್ನಿ" ಎಂದು ಅಮ್ಮಿಯ ಕೈಹಿಡಿದು ಕರೆದುಕೊಂಡು ಹೋದರು. ಮಗಳ ಡೈರಿಯಲ್ಲಿ ಇದಕ್ಕೆ ಹತ್ತಕ್ಕೆ ಹನ್ನೊಂದು.

ಝುಹರ್ ನಮಾಝ್ ತೊಣ್ಣೂರು ಕೆರೆಯ ದಡದಲ್ಲಿ. ಗುಡ್ಡಗಳ ನಡುವೆ ಕಟ್ಟಿದ ಹಳೆಯ ಕೆರೆ, ರಾಮಾನುಜಾಚಾರ್ಯರ ಹೆಸರಿನೊಂದಿಗೆ ಸೇರಿಕೊಂಡದ್ದು. ತಿಳಿನೀರಿಗೆ ಒಪ್ಪುವಂತೆ ಮೋತಿ ತಾಲಾಬ್ ಎಂಬ ಹೆಸರೂ ಇದೆ. ವುಝೂ ಮಾಡಿದ ನೀರು ಮಂಜಿನಂತಿತ್ತು.

ಕೆ.ಆರ್. ಪೇಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕವಿ ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಕಿಕ್ಕೇರಿ ಈ ತಾಲೂಕಿನದು, ಹೊಸಹೊಳಲಿನಲ್ಲಿ ಹೊಯ್ಸಳರ ಕಾಲದ ದೇವಾಲಯವಿದೆ, ಎರಡಕ್ಕೂ ಹೋಗಲು ಸಮಯವಾಗಲಿಲ್ಲ. ಸಂಜೆ ನಾಲ್ಕಕ್ಕೆ ಕಾಫಿ ಕುಡಿಯಲೆಂದು ಒಂದು ಹೋಟೆಲಿನೊಳಗೆ ಹೋದೆವು. ಬುರ್ಖಾ ಕಂಡ ತಕ್ಷಣ ಹುಡುಗ, "ಫ್ಯಾಮಿಲಿ ಒಳಗೆ" ಎಂದು ಕೈತೋರಿಸಿದ. ಫ್ಯಾಮಿಲಿ ರೂಮ್ ಎಂದರೆ ಕಿಟಕಿಯಿಲ್ಲದ ಕೋಣೆ. ಮೂಲೆಯಲ್ಲಿ ಗ್ಯಾಸ್ ಸಿಲಿಂಡರುಗಳು, ಈರುಳ್ಳಿ ಮೂಟೆ, ಉರಿಯದ ಟ್ಯೂಬ್‌ಲೈಟ್. ಇಂಥ ಕೋಣೆಗಳಲ್ಲಿ ನಾನು ಎಷ್ಟೋ ಸಲ ಕೂತಿದ್ದೇನೆ, ಮರ್ಯಾದೆಯ ಜಾಗ ಎಂದುಕೊಂಡು. ಅಮ್ಮಿ ಬಾಗಿಲಲ್ಲೇ ನಿಂತರು.

"ಇದು ಉಗ್ರಾಣ. ನಾನು ಮೂಟೆ ಅಲ್ಲ. ಅಲ್ಲಿ ಕೂರೋಣ."

ಹೊರಗಿನ ಹಾಲಿನಲ್ಲಿ ಎಲ್ಲರೂ ಗಂಡಸರೇ. ನನ್ನ ಎದೆ ಡವಗುಟ್ಟಿತು. ಅಮ್ಮಿ ಸೆರಗು ಸರಿಮಾಡಿಕೊಂಡು ಕಿಟಕಿಯ ಪಕ್ಕದ ಮೇಜಿಗೆ ಹೋಗಿ ಕೂತರು. ಏನೂ ಆಗಲಿಲ್ಲ. ಒಬ್ಬರು ಬೆಂಚಿನ ಮೇಲಿದ್ದ ಗೊಬ್ಬರದ ಚೀಲವನ್ನು ಕೆಳಗಿಟ್ಟು ಜಾಗ ಮಾಡಿಕೊಟ್ಟರು, ಇನ್ನೊಬ್ಬರು ಬೀಡಿ ಆರಿಸಿದರು, ಅಷ್ಟೆ. ಹಿಜಾಬಿಗೂ ಆ ಸಿಲಿಂಡರ್ ಕೋಣೆಗೂ ಸಂಬಂಧವಿಲ್ಲ ಎಂಬುದು ನನಗೆ ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೋ. ಪ್ರತ್ಯೇಕ ಜಾಗ ಬೇಕೆನ್ನುವವರಿಗೆ ಗಾಳಿ ಬೆಳಕಿರುವ ಜಾಗ ಕೊಡಲಿ.

ನಾಗಮಂಗಲ ಮುಟ್ಟುವಾಗ ಮಗ್ರಿಬ್ ಹತ್ತಿರವಾಗಿತ್ತು. ರಾತ್ರಿಯೂಟಕ್ಕೆ ಇಲ್ಲಿ ನಿಲ್ಲುವುದೋ, ನೇರ ಮನೆಗೆ ಹೋಗುವುದೋ ಎಂದು ಮನೆಯವರು ಎರಡು ಸಲ ಕೇಳಿದರು. ಕಾರಣ ಎಲ್ಲರಿಗೂ ಗೊತ್ತಿತ್ತು. 2024ರ ಸೆಪ್ಟೆಂಬರ್ 11ರ ರಾತ್ರಿ ಗಣಪತಿ ಮೆರವಣಿಗೆಯ ಹೊತ್ತಿನಲ್ಲಿ ಇಲ್ಲಿ ಗಲಭೆಯಾಗಿ ಅಂಗಡಿಗಳು, ವಾಹನಗಳು ಸುಟ್ಟಿದ್ದವು. ಟಿ.ವಿ.ಯಲ್ಲಿ ನೋಡಿದ ಬೆಂಕಿ ಮನಸ್ಸಿನಲ್ಲಿ ಹಾಗೇ ಇತ್ತು. ಮಗಳೇ, "ನಿಲ್ಲೋಣ ಅಬ್ಬಾ" ಎಂದಳು.

ನಾಗಮಂಗಲ ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು. ಅಮ್ಮಿಗೆ ಇಲ್ಲಿಯ ಪಾತ್ರೆಯ ನೆನಪಿತ್ತು. ಅವರ ಅಮ್ಮ ವರ್ಷಕ್ಕೆರಡು ಸಲ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ಇಳಿಸಿ ಕಲಾಯಿಯವನನ್ನು ಕರೆಸುತ್ತಿದ್ದರಂತೆ. ಹಿತ್ತಾಳೆ, ತಾಮ್ರದಲ್ಲಿ ಹುಣಸೆಹುಳಿ ಹಾಕಿ ಬೇಯಿಸಿದರೆ ಕಿಲುಬು ಬಿಡುತ್ತದೆ, ಅದು ವಿಷ. ಹಾಗಾಗಿ ಪಾತ್ರೆಯನ್ನು ಕಾಯಿಸಿ, ನವಸಾಗರ ಉಜ್ಜಿ, ಒಳಗೆ ತವರದ ಪದರ ಹಚ್ಚಬೇಕು. ಭುಸ್ ಎಂದು ಬಿಳಿ ಹೊಗೆ ಏಳುತ್ತದೆ, ಹತ್ತಿಯುಂಡೆಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿಯ ಹಾಗೆ. ಸ್ಟೀಲು ಬಂದ ಮೇಲೆ ಕಲಾಯಿಯವರು ಹೋದರು. ಅಮ್ಮಿ ಅಂಗಡಿಯಲ್ಲಿ ಒಂದು ಹಿತ್ತಾಳೆ ಲೋಟ ಕೊಂಡರು. ಮಗಳು ಒಂದು ಪುಟ್ಟ ದೀಪದ ಕಂಬ ತಿರುಗಿಸಿ ನೋಡಿ ಬೆಲೆ ಕೇಳಿ ಇಟ್ಟಳು.

ಊಟ ಬಸ್ ನಿಲ್ದಾಣದ ಕಡೆಯ ಒಂದು ಸಾಧಾರಣ ಹೋಟೆಲಿನಲ್ಲಿ. ಬಿರಿಯಾನಿ ಮುಗಿದಿತ್ತು, ಪರೋಟ ಮತ್ತು ಕುರ್ಮಾ ಇತ್ತು. ಸುಟ್ಟ ಬೀದಿ ಯಾವುದೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪಕ್ಕದ ಮೇಜಿನಲ್ಲಿ ಹಣೆಗೆ ಕುಂಕುಮವಿಟ್ಟ ಇಬ್ಬರು ಹೆಂಗಸರು ಮಕ್ಕಳಿಗೆ ಪರೋಟ ಹರಿದು ಕೊಡುತ್ತಿದ್ದರು. ಒಬ್ಬರು ಅಮ್ಮಿಯ ಲೋಟ ನೋಡಿ, "ಎಷ್ಟಕ್ಕೆ ಕೊಟ್ರು ಅಜ್ಜಿ?" ಎಂದು ವಿಚಾರಿಸಿದರು. ಹೇಳಿದಾಗ, "ಅಯ್ಯೋ, ಜಾಸ್ತಿ ಆಯ್ತು. ನಂಗೆ ಹೇಳಿದ್ರೆ ಕೊಡಿಸ್ತಿದ್ದೆ" ಎಂದರು. ಅಮ್ಮಿಗೆ ಆ ಮಾತಿನ ಸಂಕಟ ಊಟ ಮುಗಿಯುವವರೆಗೂ ಇತ್ತು. ಬೆಂಗಳೂರು–ಮಂಗಳೂರು ರಾತ್ರಿ ಬಸ್ಸಿನಲ್ಲಿ ಹೋಗುವ ಓದುಗರಿಗೆ ಈ ತಾಲೂಕಿನ ಬೆಳ್ಳೂರು ಕ್ರಾಸ್ ಮಾತ್ರ ಗೊತ್ತಿರುತ್ತದೆ. ಒಮ್ಮೆ ಹಗಲಿನಲ್ಲಿ ಊರಿನೊಳಗೂ ಬನ್ನಿ.

ಹೋಟೆಲಿನ ಶೌಚಾಲಯದಲ್ಲಿ ದೀಪವಿರಲಿಲ್ಲ. ಅಮ್ಮಿ ಒಳಗೆ ಹೋಗಲಿಲ್ಲ. ಆದರೂ ಕಾರು ಹತ್ತಿದ ಮೇಲೆ ನನ್ನ ಬ್ಯಾಗಿನಿಂದ ಬಾಟಲಿ ತೆಗೆಸಿ, ಹೊಸ ಲೋಟಕ್ಕೆ ಸುರಿಸಿಕೊಂಡು ಪೂರ್ತಿ ಕುಡಿದರು.

"ಅಮ್ಮಿ, ದಾರಿ ಒಂದು ಗಂಟೆಯದು" ಎಂದೆ.

"ಪಾಂಡವಪುರದ ಮೇಲೇ ಅಲ್ವಾ ಹೋಗೋದು? ಆ ಹುಡುಗಿ ಬಾಗಿಲು ಹಾಕಿರಲ್ಲ."

ಒಂಬತ್ತೂವರೆಗೆ ನಾವು ತಲುಪಿದಾಗ ಮಿಲಿಟರಿ ಹೋಟೆಲಿನ ಶಟರು ಅರ್ಧ ಇಳಿದಿತ್ತು. ಒಳಗೆ ಅವರು ನೆಲ ಒರೆಸುತ್ತಿದ್ದರು. ಕಾರಿನ ದೀಪಕ್ಕೆ ಕೈ ಅಡ್ಡ ಹಿಡಿದು ನೋಡಿ, "ಯಾರು, ಬೂಬಮ್ಮನಾ? ಜಾರ್ತದೆ, ಹುಷಾರು" ಎಂದು ಶಟರನ್ನು ಮೇಲಕ್ಕೆತ್ತಿದರು.