ಗಾಳಕ್ಕೇನು ಕಟ್ಟೋಣ?

ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಮುಗಿದ ಮೇಲೆ ಹಿನ್ನೀರು ನಮ್ಮ ಹಗರಿಬೊಮ್ಮನಹಳ್ಳಿ ಸೀಮೆಗೂ ಬಂತು. ನೀರಿನ ಹಿಂದೆ ಗಾಳವೂ ಬಂತು. ರೋಹು, ಕಟ್ಲಾಗಳಿಗೆ ಹಿಟ್ಟಿನ ಉಂಡೆ ಸಾಕು. ಕೊರಮೀನಿನ ಮಾತೇ ಬೇರೆ, ಅದಕ್ಕೆ ಅಲುಗಾಡುವುದು ಬೇಕು. ನಮ್ಮ ಮಾಮು ಜೀವಂತ ಕಪ್ಪೆ ಕಟ್ಟುತ್ತಿದ್ದರು. ನಾವೀಗ ರಬ್ಬರ್ ಕಪ್ಪೆ ಕೊಳ್ಳುತ್ತೇವೆ. ಅದರ ಎರಡು ಕೊಕ್ಕೆಗಳೂ ಬೆನ್ನಿಗಂಟಿಕೊಂಡಿರುವುದರಿಂದ ಜೊಂಡಿಗೆ ಸಿಕ್ಕುವುದು ಕಡಿಮೆ. ದಾರ ಮಾತ್ರ ದಪ್ಪನೆಯದಿರಲಿ, ಕಚ್ಚಿದ ಮೀನು ಜೊಂಡಿನೊಳಕ್ಕೇ ನುಗ್ಗುತ್ತದೆ.

ಮಳೆಗಾಲದಲ್ಲಿ ಕೆಂಪು ಮರಿಗಳ ಹಿಂಡು ನೀರ ಮೇಲೆ ಕುದಿಯುವಾಗ ಕಪ್ಪೆ ಎಸೆದರೆ ಬಲು ಬೇಗ ಕಚ್ಚುತ್ತದೆ. ಅದು ಹಸಿವಲ್ಲ, ಮರಿ ಕಾಯುವ ಸಿಟ್ಟು. ತಾಯ್ತಂದೆಯನ್ನು ಎತ್ತಿಕೊಂಡರೆ ಮರಿಗಳು ಉಳಿದ ಮೀನುಗಳ ಬಾಯಿಗೆ. ಅಂಥ ಹೊತ್ತಿನಲ್ಲಿ "ಬೇಟಾ, ದಾರ ಸುತ್ತು" ಎನ್ನುತ್ತಿದ್ದರು ಮಾಮು. ಮನೆಯಲ್ಲಿ ಅಂದು ಬೇಳೆ ಸಾರು.